ರಾಗಿ ತೊಳೆದ ವರ್ಷ

ಹೋದ ತಿಂಗಳು ಧರ್ಮಪುರಿಯ ಮಗಳ ಮನೆಯಲ್ಲಿ ಮೂರು ದಿನ ಏನೋ ನಾರುತ್ತಿತ್ತು. ಇಲಿ ಸತ್ತಿದೆ ಎಂದು ಅಳಿಯ ಬೀರು ಸರಿಸಿ ನೋಡಿದ. ಮಗಳು ಮೋರಿಗೆ ಬಿಸಿನೀರು ಸುರಿದಳು. ನಾನು ಮೂಗು ಹಿಡಿದುಕೊಂಡು ವಾಸನೆಯ ಹಿಂದೆಯೇ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಒಂದು ಪ್ಲಾಸ್ಟಿಕ್ ತಟ್ಟೆ ಇತ್ತು. ತಟ್ಟೆಯಲ್ಲಿ ಮಣ್ಣು, ಮಣ್ಣಿನ ಮೇಲೆ ಎರಡು ಬೆರಳು ನೀರು, ನೀರಿನಲ್ಲಿ ಲೋಳೆಯಾಗಿ ಮಲಗಿದ ರಾಗಿ ಪೈರು. ಮೊಮ್ಮಗಳು ಶಾಲೆಗೆಂದು ಬೆಳೆಸಿದ್ದಳಂತೆ. 'ನಮ್ಮ ಮನೆತನದ ಬೇಸಾಯ' ಎಂದು ಚೀಟಿ ಬರೆದು, ಕಡ್ಡಿಗೆ ಅಂಟಿಸಿ, ಆ ಕೊಳಕಿನ ನಡುವೆ ಬಾವುಟದ ಹಾಗೆ ನೆಟ್ಟಿದ್ದಳು.

"ದಿನಾ ತಣ್ಣಿ ಊತ್ತಿದ್ನಲ್ಲ ಅಜ್ಜಿ, ಆದ್ರೂ ಯಾಕೆ ಸತ್ತೋಯ್ತು?" ಎಂದಳು. ನೀರು ಹಾಕುವುದಕ್ಕೆ ಧರ್ಮಪುರಿಯಲ್ಲಿ ತಣ್ಣಿ ಊತ್ತುವುದು ಎನ್ನುತ್ತಾರೆ.

"ಊತ್ತಿದ್ದಕ್ಕೇ ಸತ್ತೋಯ್ತು ಕಣೆ. ತಗೊಂಡೋಗಿ ಆಚೆ ಸುರಿ, ವಾಂತಿ ಬತ್ತದೆ."

ಮನೆಯ ಹಿರಿಯರನ್ನು ಕೇಳಿ, ಹಳೆಯ ಕಾಲದ ಬೇಸಾಯದ ಬಗ್ಗೆ ಎರಡು ಪುಟ ಬರೆದುಕೊಂಡು ಬರಬೇಕೆಂದು ಟೀಚರ್ ಹೇಳಿದ್ದಾರಂತೆ. ಅವಳಿಗೆ ಏನೋ ನಾಲ್ಕು ಮಾತು ಹೇಳಿ ಕಳಿಸಿದೆ. ಎರಡು ಪುಟಕ್ಕೆ ಹಿಡಿಸದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಟೀಚರಿಗೆ ಕೊಡುವಂಥದ್ದಲ್ಲ ಇದು.

ಆ ವಾಸನೆ ನನಗೆ ಹೊಸದಲ್ಲ. ರಾಗಿ ಪೈರು ಕೊಳೆತರೆ ಗದ್ದೆಯ ಕೆಸರಿನ ಹಾಗೆ ನಾರುವುದಿಲ್ಲ. ಉಪವಾಸ ಬಿದ್ದವರ ಬಾಯಿಯ ಹಾಗೆ ಹುಳಿಯಾಗಿ, ಒಳಗಿನಿಂದ ನಾರುತ್ತದೆ. ಒಂದು ವರ್ಷ ನಮ್ಮೂರು ಹಾಗೆ ನಾರಿತ್ತು. ಆಗ ನನಗೆ ಹನ್ನೆರಡು. ಮೆಟ್ಟೂರಿನ ಅಣೆಕಟ್ಟು ಇನ್ನೂ ಮೇಲೇಳುತ್ತಿದ್ದ ಕಾಲ.

ನಮ್ಮೂರು ಮಾರಂಡಹಳ್ಳಿಯಿಂದ ಎರಡು ಮೈಲಿ. ಮನೆಯೊಳಗೆ ಕನ್ನಡ, ಸಂತೆಯಲ್ಲಿ ತಮಿಳು, ಎತ್ತಿನ ಜೊತೆ ಎರಡೂ. ಆ ವರ್ಷ ಕೈಕಾಲು ಗಟ್ಟಿಯಿದ್ದ ಗಂಡಸರೆಲ್ಲ ಅಣೆಕಟ್ಟಿನ ಕೂಲಿಗೆ ಹೋಗಿದ್ದರು. ನಮ್ಮಪ್ಪನೂ ಗಾಡಿ ಎತ್ತು ಹೊಡೆದುಕೊಂಡು ಕಲ್ಲು ಹೇರಲು ಹೋದ. ನಮ್ಮ ಹೊಲ ಬೀಳು ಬಿತ್ತು. ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ಊರಿನ ಗೌಡ. ಎಲ್ಲರೂ ಒಂದೇ ಮನೆ. ದೊಡ್ಡಪ್ಪ ತನ್ನ ಪಾಲಿನ ಹೊಲಕ್ಕೆಲ್ಲ ಕಡಲೆಕಾಯಿ ಹಾಕಿಸಿದ್ದ. ಅವನು ನೇಗಿಲು ಮುಟ್ಟುತ್ತಿದ್ದದ್ದು ವರ್ಷಕ್ಕೊಂದು ದಿನ, ಮೊದಲ ಉಳುಮೆಯ ಹೊನ್ನಾರು ಹೂಡುವ ದಿನ. ಅವತ್ತು ಮೇಣಿಯ ಮೇಲೆ ಕೈಯಿಟ್ಟು ನಾಲ್ಕು ಹೆಜ್ಜೆ ನಡೆದು, ಬದುವಿಗೆ ಬಂದು ಕಾಲು ತೊಳೆಸಿಕೊಳ್ಳುತ್ತಿದ್ದ. ಉಳಿದ ದಿನವೆಲ್ಲ ಉಳುತ್ತಿದ್ದವನು ಕಾಳಣ್ಣ, ನಮ್ಮ ಮನೆಯ ಆಳು.

ಅವ್ವ ನನ್ನನ್ನು ಹೆತ್ತು ಹೆಚ್ಚು ದಿನ ಬದುಕಲಿಲ್ಲ. ಸಾಕಿದವಳು ಅಜ್ಜಿ, ಅಪ್ಪನ ತಾಯಿ. ಮನೆಯ ಬೀಜ ಅಜ್ಜಿಯ ಕೈಯಲ್ಲಿತ್ತು. ನಮ್ಮ ಮನೆಯ ರಾಗಿಯೇ ಬೇರೆ. ಪೈರು ಗಿಡ್ಡ, ತೆನೆ ಬಿಗಿ ಹಿಡಿದ ಮುಷ್ಟಿಯ ಹಾಗೆ, ಕಾಳು ಕಪ್ಪಿಗೆ ತಿರುಗಿದ ಕೆಂಪು. ಒಂದು ಮಳೆ ಕೈಕೊಟ್ಟರೂ ಬಾಡದೆ ನಿಲ್ಲುತ್ತಿತ್ತು. ಅದನ್ನು ಮಡಿಲ ರಾಗಿ ಎನ್ನುತ್ತಿದ್ದೆವು. ಬೇರೆ ಮನೆಗಳಲ್ಲಿ ಹೆಣ್ಣು ಗಂಡನ ಮನೆಗೆ ಹೊರಟಾಗ ಮಡಿಲಿಗೆ ಅಕ್ಕಿ ತುಂಬುತ್ತಾರೆ. ನಮ್ಮ ಮನೆಯಲ್ಲಿ ಬೀಜದ ರಾಗಿ ತುಂಬುತ್ತಿದ್ದರು. ಅಜ್ಜಿಯ ಅಜ್ಜಿಯಿಂದ ಹಾಗೆ ಮಡಿಲಿಂದ ಮಡಿಲಿಗೆ ಬಂದದ್ದೇ ನಮ್ಮ ಹೊಲದಲ್ಲಿ ಬೆಳೆಯುತ್ತಿದ್ದದ್ದು.

ಮುಂದಿನ ತೈ ತಿಂಗಳಲ್ಲಿ, ಸಂಕ್ರಾಂತಿ ಕಳೆದ ಮೇಲೆ, ನನ್ನ ಮದುವೆ ಎಂದು ಹೊಸೂರು ಕಡೆ ಗೊತ್ತಾಗಿತ್ತು. ಮನೆಯಲ್ಲಿ ಉಳಿದಿದ್ದದ್ದು ಎರಡು ಗಡಿಗೆ ಬೀಜ. ಒಂದು ಆ ಮುಂಗಾರಿಗೆ ಬಿತ್ತುವುದಕ್ಕೆ. ಅದರಲ್ಲಿ ಬೆಳೆದದ್ದು ನನ್ನ ಮಡಿಲಿಗೆ. ಇನ್ನೊಂದರ ಬಾಯಿಗೆ ಸಗಣಿ ಮೆತ್ತಿ ಅಜ್ಜಿ ಅಟ್ಟದ ಮೇಲೆ ಇಟ್ಟಿದ್ದಳು, ಮಳೆ ತಪ್ಪಿದರೆ ಇರಲಿ ಎಂದು. ಇದನ್ನು ನೆನಪಿನಲ್ಲಿಡಿ. ಎರಡೇ ಗಡಿಗೆ.

ಆಷಾಢ ಹತ್ತಿರ ಬಂದಾಗ ಸೇಲಂ ಪಟ್ಟಣದ ಒಂದು ಸಂಘದವರು ನಮ್ಮೂರಿಗೆ ಒಬ್ಬ ವಾದ್ಯಾರನ್ನು, ಅಂದರೆ ಮೇಷ್ಟರನ್ನು, ಕಳಿಸಿದರು. ಪ್ರಾಯದವರೆಲ್ಲ ಕೂಲಿಗೆ ಹೋಗಿ ಅಪ್ಪ ಅಜ್ಜನ ಬೇಸಾಯ ಮರೆತುಹೋಗುತ್ತಿದೆ, ಅದನ್ನು ಪುಸ್ತಕದಲ್ಲಿ ಬರೆದು ಊರಿನವರಿಗೇ ಪಾಠ ಹೇಳಬೇಕು, ಜೊತೆಗೆ ನಾಲ್ಕು ಅಕ್ಷರ ಕಲಿಸಬೇಕು ಎಂದು. ಮಾತು ಒಳ್ಳೆಯದೇ. ವಾದ್ಯಾರೂ ಕೆಟ್ಟವರಲ್ಲ. ತೆಳ್ಳನೆಯ ಮನುಷ್ಯ, ಬಿಳಿ ಜುಬ್ಬ, ಯಾವಾಗಲೂ ಕಂಕುಳಲ್ಲಿ ಒಂದು ಉದ್ದ ನೋಟುಬುಕ್ಕು. ತಂಜಾವೂರು ಕಡೆಯವರು. ಕಾಲುವೆ ನೀರು, ಭತ್ತದ ಗದ್ದೆ ಬಿಟ್ಟರೆ ಬೇರೆ ಬೇಸಾಯ ಕಂಡವರಲ್ಲ. ರಾಗಿ ತೆನೆಯನ್ನು ಮೊದಲ ಸಲ ಕೈಯಲ್ಲಿ ಹಿಡಿದು ಮೂಸಿ ನೋಡಿದರು. ಕನ್ನಡ ಒಂದು ಪದವೂ ಬಾರದು.

ಪಾಠ ಚಾವಡಿಯಲ್ಲಿ, ಮಧ್ಯಾಹ್ನ ಇಳಿದ ಮೇಲೆ. ಊರಲ್ಲಿ ಉಳಿದ ಗಂಡಸರು ಮೇಲೆ ಕೂರುವುದು, ಹುಡುಗರು ಅಂಚಿನಲ್ಲಿ. ಹೆಂಗಸರು ಚಾವಡಿ ಹತ್ತುವ ಹಾಗಿಲ್ಲ. ಹೆಣ್ಣುಮಕ್ಕಳು ಮೆಟ್ಟಿಲ ಕೆಳಗೆ ಕೂರಬಹುದು. ಕಾಳಣ್ಣನ ಜನ ಹೊಂಗೆ ಮರದ ಆಚೆಯೇ ನಿಲ್ಲಬೇಕು. ಬೇಸಾಯ ಉಳಿಸುವ ಪಾಠ ಇದು! ಬೀಜ ಇಡುವವಳಿಗೆ ಮೆಟ್ಟಿಲಿಲ್ಲ, ಉಳುವವನಿಗೆ ನೆರಳೂ ಇಲ್ಲ. ಮೇಲೆ ಕೂತು ಮೀಸೆ ತಿರುವುವವನು ಬೇಸಾಯ ಹೇಳುತ್ತಾನೆ, ತಂಜಾವೂರಿನವರು ಬರೆದುಕೊಳ್ಳುತ್ತಾರೆ. ಈಗ ನೆನೆದರೆ ಉಗುಳಬೇಕೆನಿಸುತ್ತದೆ. ಆಗ ನನಗೆ ಹಾಗೆ ಅನ್ನಿಸಲಿಲ್ಲ. ಮೆಟ್ಟಿಲ ಕೆಳಗೆ ಮುಂದಿನ ಸಾಲಿನಲ್ಲಿ ಜಾಗ ಸಿಕ್ಕಿತಲ್ಲ ಎಂದು ಉಬ್ಬಿಹೋಗಿದ್ದೆ. ತಮಿಳು ಅಕ್ಷರ ಕಲಿತದ್ದು ಅಲ್ಲೇ. ಕನ್ನಡ ಅಕ್ಷರ ಕೈಗೆ ಬಂದದ್ದು ಎಷ್ಟೋ ವರ್ಷದ ಮೇಲೆ, ಹೊಸೂರು ಕಡೆ, ಮಗನ ಸ್ಲೇಟು ನೋಡಿ. ಓದಿದ್ದು ಅಷ್ಟೇ.

ಮೊದಲ ವಾರದಲ್ಲೇ ದೊಡ್ಡಪ್ಪನ ಬೇಸಾಯ ಮುಗಿದುಹೋಯಿತು. ಉಳುವುದು, ಬಿತ್ತುವುದು, ಕುಯ್ಯುವುದು ಎಂದು ಮೂರು ಬೆರಳು ಮಡಚಿದ, ನಾಲ್ಕನೆಯದು ಹೊಳೆಯಲಿಲ್ಲ. ವಾದ್ಯಾರ್ "ಅಪ್ಪುರಂ? ಅಪ್ಪುರಂ?" ಎಂದು ಮುಂದಿನದನ್ನು ಕೇಳುತ್ತಲೇ ಇದ್ದರು. ಅವತ್ತು ಸಂಜೆ ದೊಡ್ಡಪ್ಪ ಮನೆಗೆ ಬಂದು ಅಜ್ಜಿಯ ಮುಂದೆ ಕೂತ.

"ಅವ್ವಾ, ಪಾಠಕ್ಕೆ ಅಂತ ಒಂದು ಹೊಲ ಮಾಡ್ಬೇಕಂತೆ. ಐಕ್ಳು ಕಣ್ಣಾರೆ ನೋಡಿ ಕಲೀಲಿ ಅಂತ. ನಮ್ಮನೆ ಬೀಜಾನೇ ಆಕಾನ. ಊರಿಗೆ ಎಸ್ರು ಬತ್ತದೆ."

"ಎಲ್ಲಿ ಆಕ್ತೀಯ?"

"ಕೆರೆ ತೂಬಿನ ಕೆಳಗೆ ಒಂದು ಚೂರು ಐತಲ್ಲ. ಗಾಡಿ ದಾರಿ ಪಕ್ಕ. ಬಂದೋರಿಗೆ ಕಾಣ್ತದೆ."

"ಕಾಣ್ಸಕ್ಕೆ ಬಿತ್ತೀಯೇನ್ಲಾ ರಾಗೀನ? ಅಲ್ಲಿ ನೀರು ನಿಲ್ತದೆ."

"ತೂಬು ಮುಚ್ಚಿದ್ರೆ ಆಯ್ತು ಬುಡವ್ವ."

ಅಜ್ಜಿ ಒಪ್ಪಿದಳು. ಅವಳಿಗೆ ಆಸೆಯಿತ್ತು, ಅದನ್ನು ಮುಚ್ಚಿಡುವುದಿಲ್ಲ. ಮಗ ಮೆಟ್ಟೂರಿನಲ್ಲಿ, ಹೊಲ ಬೀಳು. ಇನ್ನು ಯಾರಾದರೂ ಕಲಿತುಕೊಳ್ಳಲಿ ಎಂದು. ಒಂದೇ ಮಾತು ಹೇಳಿದಳು: "ಯಾವಾಗ ಏನು ಮಾಡ್ಬೇಕು ಅಂತ ನಾನು ಏಳ್ತೀನಿ. ನನ್ನ ಕೇಳ್ದೆ ಒಂದು ಕಡ್ಡೀನೂ ಅಲ್ಲಾಡಿಸ್ಬಾರ್ದು."

"ನೀನು ಚಾವಡಿಗೆ ಬರಂಗಿಲ್ಲವಲ್ಲ. ಮಗೀಗೆ ಏಳು, ಅವ್ಳು ಬಂದು ವಾದ್ಯಾರ್ಗೆ ಏಳ್ಲಿ. ಅವ್ಳಿಗೆ ತಮಿಳು ಚೆನ್ನಾಗಿ ಬತ್ತದೆ."

ಅವ್ಳಿಗೆ ತಮಿಳು ಚೆನ್ನಾಗಿ ಬತ್ತದೆ. ಆ ಮಾತು ಕೇಳಿ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹೀಗೆ ಶುರುವಾಯಿತು. ಬೆಳಿಗ್ಗೆ ಸಗಣಿ ತಟ್ಟುತ್ತಾ ಅಜ್ಜಿ ಹೇಳುವಳು, ಮಧ್ಯಾಹ್ನ ನಾನು ಮೆಟ್ಟಿಲ ಕೆಳಗೆ ನಿಂತು ಒಪ್ಪಿಸುವೆ, ವಾದ್ಯಾರ್ ಬರೆದುಕೊಳ್ಳುವರು, ಆಮೇಲೆ ಅದನ್ನೇ ಎಲ್ಲರ ಬಾಯಲ್ಲಿ ಹೇಳಿಸುವರು. ಬೀಜವನ್ನು ಬೂದಿಯಲ್ಲಿ ಹೊರಳಿಸುವುದು, ಬಿತ್ತುವ ದಿನ ಇರುವೆ ಮೊಟ್ಟೆ ಹೊತ್ತು ಯಾವ ಕಡೆ ಹೋಗುತ್ತವೆ ಎಂದು ನೋಡುವುದು, ಎಲ್ಲ ಸರಿಯಾಗಿಯೇ ಬರೆದರು. ತೂಬಿನ ಕೆಳಗೆ ಒಂದು ಗಡಿಗೆ ಬೀಜ ಬಿತ್ತಿದ್ದಾಯಿತು. ಒಳ್ಳೆಯ ಮಳೆ ಬಂತು. ಪೈರು ಹಸಿರು ಕಂಬಳಿಯ ಹಾಗೆ ಎದ್ದಿತು.

ಆಮೇಲೆ ಹಲುಬೆಯ ಪಾಠ ಬಂತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಲುಬೆ ಎಂದರೆ ಒಂದು ಉದ್ದದ ಮರದ ದಿಂಡು, ಅದಕ್ಕೆ ಸಾಲಾಗಿ ಗೇಣುದ್ದದ ಹಲ್ಲು. ರಾಗಿ ಎದ್ದು ಇಪ್ಪತ್ತು ದಿನದ ಮೇಲೆ, ಭೂಮಿ ಒಣಗಿ ಹದಕ್ಕೆ ಬಂದಾಗ, ಎತ್ತು ಕಟ್ಟಿ ಅದನ್ನು ಪೈರಿನ ಮೇಲೆಯೇ ಎಳೆಯುತ್ತಾರೆ. ಹೊಸಬರು ನೋಡಿದರೆ ಬೆಳೆ ಹಾಳಾಯಿತು ಎಂದು ಬಾಯಿ ಬಡಿದುಕೊಳ್ಳಬೇಕು, ಹಾಗೆ ಪೈರು ಮುರಿದು ಮಲಗುತ್ತದೆ. ನಾಲ್ಕು ದಿನ ಬಿಟ್ಟು ನೋಡಿದರೆ ದಟ್ಟಣೆ ಕಳೆದು, ಬೇರು ಬಿಗಿದು, ಒಂದೊಂದು ಬುಡಕ್ಕೆ ಐದಾರು ತೆಂಡೆ, ಅಂದರೆ ಮರಿ ಪೈರು, ಒಡೆದಿರುತ್ತದೆ. ಹಲುಬದ ರಾಗಿ ಹುಲ್ಲಿಗೆ ಸಮ. ನಮ್ಮ ಕಡೆಯ ಬಾಯಿಗೆ ಹ ಸಿಗುವುದಿಲ್ಲ. ಹಲುಬೆ ಅಲುಬೆ, ಹಲುಬುವುದು ಅಲುಬುವುದು.

ಅಜ್ಜಿ ಹೇಳಿದಳು: "ಇಪ್ಪತ್ತು ದಿನಕ್ಕೆ ಅಲುಬ್ಬೇಕು. ಮಣ್ಣು ಇಡುದ್ರೆ ಪುಡಿ ಆಗಿ ಉದುರ್ಬೇಕು, ಅಂಟ್ಬಾರ್ದು. ಆವಾಗ ಅಲುಬ್ಬೇಕು. ತಿಳೀತಾ?"

ಚಾವಡಿಯಲ್ಲಿ ನಾನು ತಮಿಳಿನಲ್ಲಿ ಶುರುಮಾಡಿದೆ. ಇಪ್ಪತ್ತನೆಯ ದಿನ ಎಂದದ್ದಾಯಿತು. ಮುಂದೆ ಅಲುಬುವುದಕ್ಕೆ ತಮಿಳಿನಲ್ಲಿ ಏನೆನ್ನುತ್ತಾರೋ ಗೊತ್ತಿಲ್ಲ. ಗೊತ್ತಿಲ್ಲ ಎಂದು ಹೇಳಲು ನಾಚಿಕೆ. ಪೈರನ್ನು ಅಲುಬಬೇಕು ಎನ್ನಲು ಬಾಯಲ್ಲಿದ್ದದ್ದನ್ನೇ ಅಂದೆ: "ಪಯಿರೈ ಅಲುಬಣುಂ ಸಾರ್."

ವಾದ್ಯಾರ್ ತಲೆಯೆತ್ತಿದರು. "ಅಲಂಬಣುಮಾ?"

ಅವರ ಕಡೆಯ ತಮಿಳಿನಲ್ಲಿ ಅಲಂಬುವುದು ಎಂದರೆ ನೀರು ಹಾಕಿ ತೊಳೆಯುವುದು. ನಮ್ಮ ಸಂತೆಯ ತಮಿಳಿನಲ್ಲಿ ತೊಳೆಯುವುದಕ್ಕೆ ಕಳುವುವುದು ಎನ್ನುತ್ತಿದ್ದರು. ಈ ಪದ ನಾನು ಕೇಳಿರಲಿಲ್ಲ. ಅಲುಬುವುದಕ್ಕೆ ತಮಿಳಿನಲ್ಲಿ ಹೀಗೆ ಅಂತಾರೆ, ಮೂಗಿನಲ್ಲಿ ಒಂದು ಸೊನ್ನೆ ಸೇರಿಸಬೇಕು, ಅಷ್ಟೇ ಎಂದುಕೊಂಡೆ.

"ಆಮಾಂ ಸಾರ್," ಹೌದು ಎಂದೆ.

"ನಲ್ಲಾ ಅಲಂಬಣುಮಾ?" ಚೆನ್ನಾಗಿ ತೊಳೆಯಬೇಕೇ ಎಂದು ಕೇಳಿದ್ದು ಅವರು.

"ನಲ್ಲಾ ಸಾರ್. ನಲ್ಲಾ ಅಲಂಬಣುಂ."

ಬರೆದುಕೊಂಡರು. ಎಲ್ಲರ ಬಾಯಲ್ಲೂ ಮೂರು ಸಲ ಹೇಳಿಸಿದರು. ಆ ಕೂಗು ನಮ್ಮ ಹಿತ್ತಿಲಿಗೂ ಕೇಳಿಸಿತಂತೆ. ನಾನು ಮನೆಗೆ ಬಂದಾಗ ಅಜ್ಜಿಗೆ ಬಲು ಸಂತೋಷ. "ಅಲುಬೋದು ಅಂತ ಎಷ್ಟು ಚೆಂದ ಕೂಗ್ತಾ ಇದ್ರು ಕಣೆ ಐಕ್ಳು. ಒಂಚೂರು ಮೂಗ್ನಾಗೆ ಅಂತಾರೆ. ಇರ್ಲಿ, ಮೂಗ್ನಾಗಾದ್ರೂ ಅನ್ಲಿ."

ಅದಾದ ನಾಲ್ಕು ದಿನಕ್ಕೆ ಅದಿಯಮಾನ್‌ಕೋಟೆಯಿಂದ ಆಳು ಬಂದ. ಅಲ್ಲಿಗೆ ಕೊಟ್ಟಿದ್ದ ನಮ್ಮ ಅತ್ತೆಗೆ, ಅಜ್ಜಿಯ ಕಿರಿ ಮಗಳಿಗೆ, ಹೆರಿಗೆ ನೋವು ಕಾಣಿಸಿಕೊಂಡಿತ್ತು. ಅಜ್ಜಿ ಗಾಡಿ ಹತ್ತುವಾಗಲೂ ಕಾಳಣ್ಣನ ಕಡೆ ಬೆರಳು ತೋರಿಸಿ ನನಗೆ ಹೇಳಿದಳು, "ದಿನ ಆದ್ಮೇಲೆ ಕಾಳನ ಕೈಲಿ ಅಲುಬ್ಸು. ದೊಡ್ಡಪ್ಪನ ಎತ್ತು ಕಟ್ಲಿ."

ಇಪ್ಪತ್ತನೆಯ ದಿನ ಬಂತು. ಮಧ್ಯಾಹ್ನ ಹೋಗಿ ನೋಡಿದರೆ ಹೊಲದ ಸುತ್ತ ಹುಡುಗರು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಬಿಂದಿಗೆ. ವಾದ್ಯಾರ್ ಪಂಚೆ ಎತ್ತಿ ಕಟ್ಟಿಕೊಂಡು ಕೆರೆಯ ತೂಬಿನ ಹತ್ತಿರ ನಿಂತಿದ್ದಾರೆ. ತೂಬು ಬಿಚ್ಚಿದೆ. ನೀರು ನುಗ್ಗುತ್ತಿದೆ. ಹುಡುಗರು ಬಗ್ಗಿ ಬಗ್ಗಿ ಒಂದೊಂದು ಪೈರಿನ ತಲೆಯ ಮೇಲೆ ನೀರು ಸುರಿದು, ಬೆರಳಲ್ಲಿ ಉಜ್ಜಿ, ಎಮ್ಮೆ ಮೈ ತೊಳೆದ ಹಾಗೆ ತೊಳೆಯುತ್ತಿದ್ದಾರೆ. ಬದುವಿನ ಮೇಲೆ ಊರಿನ ಹಿರಿಯರೆಲ್ಲ ನಿಂತಿದ್ದಾರೆ. ನಾಲ್ಕು ಜನ ಹೆಗಲ ವಲ್ಲಿಯನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಾರೆ. ಹುಟ್ಟಿದಾಗಿನಿಂದ ರಾಗಿ ಬೆಳೆದವರು. ಒಬ್ಬನೂ ತುಟಿ ಬಿಚ್ಚಲಿಲ್ಲ.

ನಾನು ಓಡಿಹೋಗಿ ವಾದ್ಯಾರ ಮುಂದೆ ನಿಂತು ತಮಿಳಿನಲ್ಲೇ ಕೂಗಿದೆ. "ಇದಲ್ಲ ಸಾರ್! ಎತ್ತು ಕಟ್ಟಬೇಕು ಸಾರ್! ಅಲುಬೆ!"

ಅವರು ಗಾಬರಿಯಾಗಿ ಬುಕ್ಕು ತೆಗೆದರು. ಬೆರಳಿಟ್ಟು ತೋರಿಸಿದರು. "ನೀದಾನೆ ಸೊನ್ನೇ ಪಾಪಾ?" ನೀನೇ ಅಲ್ಲವೇ ಹೇಳಿದ್ದು ಎಂದು. ಆಮೇಲೆ ದೊಡ್ಡಪ್ಪನ ಕಡೆ ತಿರುಗಿ, ಏನು ಮಾಡೋಣ ಎಂದು ಕೇಳಿದರು.

ದೊಡ್ಡಪ್ಪನಿಗೆ ಇದು ತಪ್ಪೆಂದು ಗೊತ್ತಿತ್ತೋ ಇಲ್ಲವೋ, ದೇವರೇ ಬಲ್ಲ. ಊರೆಲ್ಲ ನೋಡುತ್ತಿದೆ. ಹನ್ನೆರಡು ವರ್ಷದ ಹುಡುಗಿ ಕೂಗುತ್ತಿದ್ದಾಳೆ. ಮೀಸೆ ಮುಟ್ಟಿಕೊಂಡು ಹೇಳಿದ: "ಬುಕ್ಕಿನಾಗೆ ಏನೈತೋ ಅಂಗೇ ಮಾಡಿ. ನೀನು ಮನೇಗ್ ನಡಿಯೇ, ಒಲೆ ಮ್ಯಾಗೆ ಇಟ್ಟಿರೋದು ನೋಡೋಗು."

ಮನೆಗೆ ಹೋಗುವ ದಾರಿಯಲ್ಲಿ, ಚಾವಡಿಯ ಹೊಂಗೆ ಮರದ ಹತ್ತಿರ ಕಾಳಣ್ಣ ಕೂತಿದ್ದ. "ನೀನಾದ್ರೂ ಏಳಬಾರ್ದಾ?" ಎಂದು ಅವನ ಮೇಲೆ ಹರಿಹಾಯ್ದೆ.

ಅವನು ಎಲೆ ಅಡಿಕೆ ಅಗಿಯುತ್ತಲೇ ಇದ್ದ. "ಏನು ಏಳನವ್ವ? ಚಾವಡಿ ಪಾಠಕ್ಕೆ ನನ್ನ ಕರುದ್ರಾ? ಈಗ ನಾನು ಬಾಯ್ ಬುಟ್ರೆ ಸಂಜೀಕೆ ನನ್ ಬೆನ್ನು ಬಾಯ್ ಬುಡ್ತದೆ."

ಅವನನ್ನು ನಾನು ಬಯ್ಯುವುದಿಲ್ಲ. ಬದುವಿನ ಮೇಲೆ ನಗುತ್ತಿದ್ದ ಆ ನಾಲ್ವರನ್ನು ಈಗಲೂ ಬಯ್ಯುತ್ತೇನೆ. ಅವರ ಬೆನ್ನಿಗೆ ಏನಾಗುತ್ತಿತ್ತು?

ಆ ಜಾಗದಲ್ಲಿ ನೀರು ಇಂಗಲಿಲ್ಲ. ಮೇಲೆ ಎರಡು ದಿನ ಜಡಿಮಳೆ. ಐದನೆಯ ದಿನಕ್ಕೆ ಪೈರು ಹಳದಿಯಾಯಿತು, ಎಂಟನೆಯ ದಿನಕ್ಕೆ ಲೋಳೆ. ಕಾಲಿಟ್ಟರೆ ಬೆರಳ ಸಂದಿನಲ್ಲಿ ಬಿಳಿ ಹುಳ ಹತ್ತುತ್ತಿತ್ತು. ಚಾವಡಿಯವರೆಗೂ ನಾತ. ಆದರೂ ಅಲ್ಲಿಗೆ ಇನ್ನೂ ಎಲ್ಲ ಮುಗಿದಿರಲಿಲ್ಲ, ಅಟ್ಟದ ಮೇಲೆ ಇನ್ನೊಂದು ಗಡಿಗೆ ಇತ್ತು. ಅಷ್ಟರಲ್ಲಿ ಸೇಲಂ ಸಂಘದ ದೊಡ್ಡವರು ಪಾಠದ ಹೊಲ ನೋಡಲು ಬರುತ್ತಾರೆಂದು ಕಾಗದ ಬಂತು. ದೊಡ್ಡಪ್ಪನಿಗೆ ಕಾಲು ನಿಲ್ಲಲಿಲ್ಲ. ಹಜಾರದಲ್ಲಿ ನಾನೊಬ್ಬಳೇ ಇದ್ದಾಗ ಬಂದು ಕೂತ. ಎಂದೂ ಇಲ್ಲದ ಬೆಣ್ಣೆ ಮಾತು.

"ಮಗಾ, ಅಜ್ಜಿ ಇನ್ನೊಂದು ಗಡಿಗೆ ಇಕ್ಕಿದ್ಲಲ್ಲ, ಎಲ್ಲೈತೆ?"

"ಯಾಕೆ?"

"ಯಾರಿಗೂ ತಿಳೀದಂಗೆ ಇನ್ನೊಂದು ಕಿತ ಚೆಲ್ಬುಡಾನ. ಅಜ್ಜಿ ಬರಾ ಒತ್ಗೆ ಮೊಳಕೆ ಬಂದಿರ್ತದೆ. ನೀನು ತಪ್ಪು ಏಳ್ಕೊಟ್ಟೆ ಅಂತ ನಾನು ಏಳಾಕೆ ಓಗಲ್ಲ."

ನನಗೆ ಹನ್ನೆರಡು ವರ್ಷ, ಆದರೆ ಅಷ್ಟು ಸಣ್ಣವಳಲ್ಲ. ಆ ಕೊಳಚೆಯಲ್ಲಿ ಬೀಜ ಮೊಳೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಕತ್ತೆತ್ತಿ ಅಟ್ಟ ನೋಡಿದೆ. ಬಾಯಲ್ಲಿ ಹೇಳಲಿಲ್ಲ, ಕಣ್ಣಲ್ಲಿ ತೋರಿಸಿದೆ. ನನ್ನ ತಪ್ಪು ಮುಚ್ಚಿಹೋಗಲಿ ಎಂದು. ಅವನು ಏಣಿ ಹಾಕಿ ಹತ್ತಿ, ಸಗಣಿ ಒಡೆದು, ಗಡಿಗೆ ಇಳಿಸಿದ. ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಆ ಕೊಳೆತದ್ದರ ಮೇಲೆಯೇ ಎರಚಿದ, ಕೋಳಿಗೆ ಎರಚಿದ ಹಾಗೆ. ಕಾಳು ಉಬ್ಬಿ, ಬಿಳಿ ಮೂತಿ ತೆರೆದು, ಅಲ್ಲೇ ಕೊಳೆಯಿತು.

ಸಂಘದವರು ಬರುವ ದಿನ ಬೆಳಿಗ್ಗೆ ಕಾಳಣ್ಣನ ಕೈಯಲ್ಲಿ ಪಕ್ಕದ ಹೊಲದ ಪೈರು ಕೀಳಿಸಿ ತಂದು, ಕೆಸರಿನಲ್ಲಿ ಸಾಲಾಗಿ ಸಿಕ್ಕಿಸಿದರು. ದೂರಕ್ಕೆ ಹಸಿರು ಕಂಡಿತು. ಮೂರು ಜನ ಗಾಡಿಯಿಂದ ಇಳಿದರು. ಒಬ್ಬ ಹುಡುಗನ ಬಾಯಲ್ಲಿ ಬೇಸಾಯದ ಪಾಠ ಒಪ್ಪಿಸಿದರು. ಇಪ್ಪತ್ತನೆಯ ದಿನ ಪೈರನ್ನು ಚೆನ್ನಾಗಿ ತೊಳೆಯಬೇಕು ಎಂದಾಗ ಅವರು ಎಲ್ಲಕ್ಕಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಅದರಲ್ಲೊಬ್ಬರು ಕರ್ಚೀಫು ಮೂಗಿಗೆ ಹಿಡಿದು, ಏನಿದು ವಾಸನೆ ಎಂದು ತಮಿಳಿನಲ್ಲಿ ಕೇಳಿದರು.

"ಗೊಬ್ಬರ ಸಾಮಿ," ಎಂದ ದೊಡ್ಡಪ್ಪ. "ನಮ್ಮ ತಾತನ ಕಾಲದ ಗೊಬ್ಬರ."

"ಅದೈಯುಂ ಎಳುದುಂಗೋ," ಅದನ್ನೂ ಬರೆದುಕೊಳ್ಳಿ ಎಂದು ಅವರು ವಾದ್ಯಾರಿಗೆ ಹೇಳಿದರು.

ವಾದ್ಯಾರ್ ಬುಕ್ಕು ತೆರೆಯಲಿಲ್ಲ. ನೆಲ ನೋಡುತ್ತಾ ನಿಂತಿದ್ದರು. ಸಂಘದವರು ದೊಡ್ಡಪ್ಪನಿಗೆ ಶಾಲು ಹೊದಿಸಿದರು. ಬಿಸಿಲೇರಿ ಪೈರು ತಲೆ ಬಾಗಿಸುವ ಮೊದಲು ಗಾಡಿ ಹೊರಟುಹೋಯಿತು. ಆ ಶಾಲನ್ನು ಅವನು ಸಾಯುವವರೆಗೂ ಹೊದ್ದ. ಅದನ್ನು ನ್ಯಾಫ್ತಲೀನ್ ಗುಳಿಗೆ ಹಾಕಿ ಪೆಟ್ಟಿಗೆಯಲ್ಲಿ ಇಡುತ್ತಿದ್ದರು, ನನಗೆ ಮಾತ್ರ ಅದರಲ್ಲಿ ಬೇರೆ ನಾತವೇ ಬರುತ್ತಿತ್ತು.

ಅಜ್ಜಿ ಬಂದದ್ದು ಅದಾದ ಮೂರನೆಯ ದಿನ. ಗಾಡಿ ದಾರಿಯಲ್ಲೇ ಇಳಿದು, ಸೀರೆ ಎತ್ತಿ ಕಟ್ಟಿ, ನೇರ ಹೊಲಕ್ಕೆ ಇಳಿದಳು. ಬಾಡಿದ ಒಂದು ಪೈರು ಎಳೆದರೆ ಬೇರಿಲ್ಲದೆ ಕೈಗೆ ಬಂತು. ಒಂದು ಹಿಡಿ ಕೆಸರು ಮೂಸಿದಳು. ಅದರಲ್ಲಿ ಉಬ್ಬಿದ ಕಾಳು ಕಂಡಿತು. ಅವಳಿಗೆ ಅಷ್ಟು ಸಾಕಾಯಿತು. ಮನೆಗೆ ಬಂದು ಅಟ್ಟ ಹತ್ತಿದಳು, ಇಳಿದಳು. ಕೊಟ್ಟಿಗೆಯಿಂದ ಹಲುಬೆ ಇಳಿಸಿ, ಬೀದಿಯುದ್ದಕ್ಕೂ ಎಳೆದುಕೊಂಡು ಹೋಗಿ, ಚಾವಡಿಯ ಮೆಟ್ಟಿಲು ಹತ್ತಿದಳು. ಹೆಂಗಸು ಅಲ್ಲಿ ಕಾಲಿಟ್ಟದ್ದು ಅದೇ ಮೊದಲು. ಗಂಡಸರು ಎದ್ದು ನಿಂತರು. ತಡೆಯಲು ಯಾರಿಗೂ ಕೈ ಬರಲಿಲ್ಲ.

"ಓದಯ್ಯ, ಏನು ಬರ್ದಿದ್ದೀಯ," ಎಂದಳು. ನಾನು ಕಂಬದ ಹಿಂದೆ ನಿಂತು ತಮಿಳಿಗೆ ತಿರುಗಿಸಿದೆ. ವಾದ್ಯಾರ್ ಓದಿದರು. "ಅಲಂಬೋದು ಅಂದ್ರೇನು?" ಎಂದು ಕೇಳಿದಳು. ಅವರು ಎರಡು ಕೈ ಉಜ್ಜಿ ತೊಳೆದು ತೋರಿಸಿದರು. ಅಜ್ಜಿ ಹಲುಬೆಯನ್ನು ಚಾವಡಿಯ ಸಾರಿಸಿದ ನೆಲದ ಮೇಲೆ ಒತ್ತಿಟ್ಟು ಈ ತುದಿಯಿಂದ ಆ ತುದಿಗೆ ಎಳೆದಳು. ನೆಲದಲ್ಲಿ ಹತ್ತು ಗೀರು ಬಿದ್ದವು. "ಇದು ಅಲುಬೋದು," ಎಂದಳು.

ವಾದ್ಯಾರ ಮುಖ ಸುಣ್ಣವಾಯಿತು. ನನ್ನ ಕಡೆ ನೋಡಿದರು. ಆಮಾಂ ಎಂದವಳು, ನಲ್ಲಾ ಎಂದವಳು ನಾನು. ಅದು ಅವರಿಗೆ ಗೊತ್ತು. ಅವರು ಕಣ್ಣು ತಿರುಗಿಸಿ ಹೇಳಿದ್ದು ಇಷ್ಟೇ: ಬರೆದವನು ನಾನು, ತಪ್ಪು ನನ್ನದು. ಆಗಲೂ ನಾನು ಬಾಯಿ ಬಿಡಲಿಲ್ಲ. ಅವರ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ, ಒಂದಕ್ಷರ ಬಿಡದೆ.

ಆಮೇಲೆ ಅವರು ಕೈಮುಗಿದು, ಇನ್ನು ಮುಂದೆ ನೀವೇ ಬಂದು ಪಾಠ ಹೇಳಬೇಕಮ್ಮ ಎಂದರು.

"ಬತ್ತೀನಿ," ಎಂದಳು ಅಜ್ಜಿ. "ಬೀಜ ತತ್ತೀಯಾ?"

ದೀಪಾವಳಿಗೆ ಮೊದಲೇ ವಾದ್ಯಾರ್ ಊರು ಬಿಟ್ಟರು. ಅವರು ತಿದ್ದಿ ಕಳಿಸಿದ ಹಾಳೆ ತಡವಾಯಿತೋ ಏನೋ, ಪುಸ್ತಕ ಮಾತ್ರ ತೊಳೆಯುವ ಪಾಠದ ಸಮೇತ ಅಚ್ಚಾಗಿ ಬಂತು. ದೊಡ್ಡಪ್ಪ ಅದಕ್ಕೆ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟ. ಅವನಿಗೆ ಓದಲು ಬರುತ್ತಿರಲಿಲ್ಲ.

ಅಜ್ಜಿ ಕೈಚೆಲ್ಲಿ ಕೂರಲಿಲ್ಲ. ನಮ್ಮ ಮನೆಯಿಂದ ಮಡಿಲು ತುಂಬಿಕೊಂಡು ಹೋದ ಹೆಣ್ಣುಮಕ್ಕಳ ಮನೆಗಳಿಗೆಲ್ಲ ನಡೆದು ಹೋದಳು, ನಾನೂ ಜೊತೆಗೆ. ಅದಿಯಮಾನ್‌ಕೋಟೆಯಲ್ಲಿ ಬಾಣಂತಿ ಅತ್ತೆ ಒಂದು ಮೊರ ರಾಗಿ ತಂದಿಟ್ಟು, "ಇದೇ ಅಲ್ವಾ ಅವ್ವಾ ನಮ್ದು?" ಎಂದಳು. ಅಜ್ಜಿ ನಾಲ್ಕು ಕಾಳು ಬಾಯಿಗೆ ಹಾಕಿ ಕಚ್ಚಿ, ಥೂ ಎಂದು ಉಗಿದಳು. "ಇದು ಸಂತೇದು." ಒಂದು ಮನೆಯಲ್ಲಿ ಬೇರೆ ರಾಗಿಯ ಜೊತೆ ಬೆರೆಸಿಬಿಟ್ಟಿದ್ದರು. ಇನ್ನೊಂದು ಮನೆಯಲ್ಲಿ ಕಡಲೆಕಾಯಿಗೆ ತಿರುಗಿ ಏಳು ವರ್ಷವಾಗಿತ್ತು. ಎಲ್ಲರೂ ಒಂದೊಂದು ಮೊರ ತಂದಿಟ್ಟು ನಮ್ಮದು, ನಮ್ಮದು ಎಂದರು. ಅಜ್ಜಿ ಎಲ್ಲ ಕಡೆಯೂ ಕಚ್ಚಿದಳು, ಎಲ್ಲ ಕಡೆಯೂ ಉಗಿದಳು.

ತೈ ತಿಂಗಳಲ್ಲಿ ಮದುವೆಯಾಯಿತು. ಅಪ್ಪ ಮೆಟ್ಟೂರಿನಿಂದ ಬಂದು ಧಾರೆ ಎರೆದು ಹೋದ. ಹೊರಡುವಾಗ ಅಜ್ಜಿ ಎಲ್ಲರ ಮನೆಯ ಹಾಗೆ ಮಡಿಲಿಗೆ ಅಕ್ಕಿ ತುಂಬಿದಳು. "ಅಜ್ಜಿ, ಅವತ್ತು ಚಾವಡೀಲಿ ನಾನೇ..." ಎಂದು ಶುರುಮಾಡಿದೆ. "ಅಲ್ಲಾಡ್ಬ್ಯಾಡ, ಗಂಟು ಆಕ್ತಾ ಇವ್ನಿ," ಎಂದಳು. ಗಂಟು ಎರಡು ಸಲ ಬಿಗಿದು ಒಳಗೆ ಹೋದಳು. ಅವಳಿಗೆ ಗೊತ್ತಿತ್ತೋ ಇಲ್ಲವೋ, ಆಮೇಲೆ ಕೇಳಲು ನನಗೆ ಧೈರ್ಯ ಬರಲಿಲ್ಲ. ಎರಡು ವರ್ಷಕ್ಕೆ ತೀರಿಹೋದಳು.

ಹೊಸೂರು ಕಡೆಯ ಆ ಮನೆಯಲ್ಲಿ ಗಂಡನ ತಾಯಿ ಮಡಿಲು ಬಿಚ್ಚಿದಳು. ದಪ್ಪ ಕೈ, ಒರಟು ದನಿ. ಅಕ್ಕಿ ನೋಡಿ ಹುಬ್ಬು ಗಂಟಿಕ್ಕಿದಳು.

"ನಿಮ್ಮೋರು ರಾಗಿ ಬೀಜ ಕಟ್ತಾರೆ ಅಂತ ಅಂದಿದ್ರು. ಇದೇನು ಅಕ್ಕಿ?"

"ಬೀಜ ಇಲ್ಲ."

"ಯಾಕಿಲ್ಲ?"

ಊರಿನಲ್ಲಿ ಯಾರ ಮುಂದೆಯೂ ಹೇಳದ್ದನ್ನು ಗುರುತು ಪರಿಚಯ ಇಲ್ಲದ ಆ ಹೆಂಗಸಿನ ಮುಂದೆ ಹೇಳಿದೆ. ಆಮಾಂ ಅಂದದ್ದು, ಅಟ್ಟ ನೋಡಿದ್ದು, ಕಂಬದ ಹಿಂದೆ ನಿಂತದ್ದು, ಎಲ್ಲ. ಅವಳು ಪಾಪ ಎನ್ನಲಿಲ್ಲ, ಬಯ್ಯಲೂ ಇಲ್ಲ. ಅಕ್ಕಿಯನ್ನು ಮೊರಕ್ಕೆ ಸುರಿದು, ಸೆರಗು ಕೊಡವಿ ಎದ್ದಳು.

"ನಾಳೆ ಒತ್ತಾರೆ ಕಣಕ್ಕೆ ಬಾ. ನಮ್ ರಾಗೀಲಿ ಬೀಜದ ತೆನೆ ಆರ್ಸೋದೈತೆ. ಏನೂ ಕೇಳ್ಬ್ಯಾಡ, ಏನೂ ಏಳ್ಬ್ಯಾಡ. ಬಾಯ್ ಮುಚ್ಕೊಂಡು ನನ್ ಕೈ ನೋಡು."